ನಾಲ್ಕು ಬಸ್ಸಿನ ಭಾರ

ಹಿಮದೂರು ತೊಚಿಹರದ ಪುರಸಭೆಯಲ್ಲಿ ಬೆಳಗಿನ ಎಂಟೂವರೆಗೇ ಫೋನು ಬಡಿದುಕೊಂಡರೆ ಅದಕ್ಕೆ ಎರಡೇ ಕಾರಣ. ಎಲ್ಲೋ ಕರಡಿ ಕಾಣಿಸಿರಬೇಕು, ಇಲ್ಲವೇ ಯಾರದೋ ಮನೆ ನರಳಿರಬೇಕು. ಫೆಬ್ರವರಿಯಲ್ಲಿ ಕರಡಿಗಳು ನಿದ್ದೆಯಲ್ಲಿರುತ್ತವೆ. ಹಾಗಾಗಿ ಕಟ್ಟಡ ವಿಭಾಗದ ಇಗರಾಶಿ ಮೊರಿಯೊ ಫೋನೆತ್ತುವ ಮೊದಲೇ ಕಾಗದ, ಪೆನ್ಸಿಲು, ಕ್ಯಾಲ್ಕುಲೇಟರು ಮೂರನ್ನೂ ಹತ್ತಿರಕ್ಕೆ ಎಳೆದುಕೊಂಡ.

“ಮೇಲಿನ ಕೇರಿಯಿಂದ ಓತಾಕಿ ಮಾತಾಡ್ತಿರೋದು.”

ಓತಾಕಿ ಆ ಕೇರಿಯ ಮುಖಂಡರು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಅವರು ಮಾತಾಡಿದರೆ ಕೊನೆಯ ಸೀಟಿನವರೆಗೂ ಕೇಳಿಸಬೇಕು ಎಂಬಂತಿರುತ್ತಿತ್ತು.

“ತೊಫು ಅಂಗಡಿ ಎದುರಿಗೆ ಕುವಬಾರಾರ ಹಳೇ ಮನೆ ಇದೆಯಲ್ಲ, ಬೀಗ ಹಾಕಿರೋದು. ಬೆಳಗ್ಗಿಂದ ಅದರ ತೊಲೆ ಕಿರ್ ಅಂತಿದೆ. ಒಂದ್ಸಲ ಅಲ್ಲ, ಮೂರು ಸಲ. ಮಕ್ಕಳು ಸ್ಕೂಲಿಗೆ ಹೋಗೋ ದಾರಿ ಅದು. ಯಾರಾದ್ರೂ ಬಂದು ನೋಡಿ, ಅಪಾಯ ಅಂತ ಒಂದು ಬೋರ್ಡಾದ್ರೂ ಹಾಕಿ.”

“ಛಾವಣಿ ಮೇಲೆ ಹಿಮ ಎಷ್ಟಿದೆ?”

“ನಾನು ಹೋಗಿ ನಿಂತ್ರೆ ಟೋಪಿ ಮಾತ್ರ ಕಾಣೋಷ್ಟು.”

ಓತಾಕಿಯವರ ಎತ್ತರ ನೆನಪು ಮಾಡಿಕೊಂಡು ಮೊರಿಯೊ ‘ಒಂದು ಮೀಟರು ಅರವತ್ತು ಸೆಂಟಿಮೀಟರು’ ಎಂದು ಬರೆದುಕೊಂಡ.

ಯಾವ ಛಾವಣಿ ಎಷ್ಟು ಹಿಮ ಹೊರುತ್ತದೆ ಎಂಬುದನ್ನು ಮೊರಿಯೊನಷ್ಟು ಚೆನ್ನಾಗಿ ಹೇಳುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ಅವನ ಉದ್ಯೋಗವೇ ಅದು. ಹಿಮದ ಆಳ ಕೇಳಿದರೆ ಸಾಲದು, ವಯಸ್ಸು ಕೇಳಬೇಕು ಎನ್ನುತ್ತಿದ್ದ. ನಿನ್ನೆ ಬಿದ್ದ ಹಿಮವನ್ನು ಒಂದು ಮೀಟರು ಉದ್ದ, ಅಗಲ, ಎತ್ತರಕ್ಕೆ ಪೇರಿಸಿದರೂ ನೂರು ಕಿಲೋ ತೂಗುವುದಿಲ್ಲ. ತಿಂಗಳು ಕಳೆದು, ಕುಸಿದು ಕೂತ ಹಿಮದ ಅಷ್ಟೇ ರಾಶಿ ಮುನ್ನೂರು ಕಿಲೋ. ಮಾರ್ಚಿ ತಿಂಗಳ ಮಳೆ ಕುಡಿದದ್ದಾದರೆ ಐನೂರು. ಮನುಷ್ಯರ ಹಾಗೆಯೇ ಹಿಮ. ವಯಸ್ಸಾದಂತೆ ಮೈ ಭಾರ, ಕೂತಲ್ಲಿಂದ ಏಳುವುದಿಲ್ಲ.

ಫೋನು ಮಾಡಿದವರಿಗೆಲ್ಲ ಅವನು ಕೊನೆಗೆ ಒಂದು ಮಾತು ಸೇರಿಸುತ್ತಿದ್ದ. “ಛಾವಣಿ ಬಿದ್ದು ಸತ್ತವರಿಗಿಂತ ಛಾವಣಿಯಿಂದ ಬಿದ್ದು ಸತ್ತವರೇ ಜಾಸ್ತಿ. ಲೆಕ್ಕ ಹೇಳೋವರೆಗೆ ಮೇಲೆ ಹತ್ತಬೇಡಿ.” ಮಾತು ನಿಜವೇ. ಆದರೆ ಅದನ್ನು ಹೇಳುವಾಗ ಅವನ ದನಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಾಳಜಿ ಇರುತ್ತಿತ್ತು. ಯಾಕೆಂದರೆ ಆ ಇಪ್ಪತ್ತೇಳು ವರ್ಷದಲ್ಲಿ ಮೊರಿಯೊ ಒಮ್ಮೆಯೂ ಯಾವ ಛಾವಣಿಯನ್ನೂ ಹತ್ತಿರಲಿಲ್ಲ. ಎತ್ತರವೆಂದರೆ ಅವನಿಗೆ ಭಯ. ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಹತ್ತುವ ಕೆಲಸ ಬಂದಾಗ ಅವನ ಬಲಭುಜ ನೋಯುತ್ತಿತ್ತು. ಜೊತೆಗಾರ ನುಕುಯಿ ಹತ್ತುತ್ತಿದ್ದ. ಹಿಮದೂರಿನಲ್ಲಿ ಸ್ವಂತ ಮನೆಯೆಂದರೆ ಸ್ವಂತ ಛಾವಣಿ ಎಂಬುದನ್ನು ಅರಿತು, ಮದುವೆಯಾದ ಲಾಗಾಯ್ತು ಅವನು ನೌಕರರ ಕಾಂಕ್ರೀಟು ವಸತಿಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ. ಹೆಂಡತಿ ಕಿನುಯೊ ವರ್ಷಕ್ಕೊಮ್ಮೆ “ನಮ್ಮದೂ ಅಂತ ಒಂದು ಮನೆ” ಎಂದು ಬಾಯಿ ತೆರೆದರೆ, ಮೊರಿಯೊ ಕ್ಯಾಲ್ಕುಲೇಟರು ತೆರೆಯುತ್ತಿದ್ದ. ಲೆಕ್ಕ ಒಮ್ಮೆಯೂ ಕೂಡಿ ಬಂದಿರಲಿಲ್ಲ.

ಅವತ್ತು ನುಕುಯಿಗೆ ಜ್ವರ. ಮೇಲಧಿಕಾರಿ ಚಹಾದ ಲೋಟದಿಂದ ತಲೆಯೆತ್ತದೆ “ನೀವೇ ಹೋಗಿ ಬನ್ನಿ” ಎಂದರು. ಭುಜ ನೋವಿನ ಮಾತು ಮೊರಿಯೊನ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ “ಬರೀ ನೋಡ್ಕೊಂಡು ಬರೋದು ತಾನೆ” ಎಂದು ಆ ದಾರಿಯನ್ನೂ ಮುಚ್ಚಿದರು.

ಕುವಬಾರಾರ ಮನೆ ತೊಂಬತ್ತು ವರ್ಷದ್ದು. ಹುಲ್ಲಿನ ಮಾಡಿನ ಮೇಲೆ ತಗಡು ಹೊದಿಸಿದ್ದರು. ಅದರ ಮೇಲೆ ಹಿಮ ದಪ್ಪ ಹಾಸಿಗೆಯಂತೆ ಕೂತು, ಸೂರಂಚಿನಿಂದ ಹೊರಗೆ ಬಾಗಿ, ಕೆಳಗೆ ನಿಂತವರ ತಲೆಯನ್ನೇ ನೋಡುತ್ತಿತ್ತು. ಓತಾಕಿ ಏಣಿ ತಂದು ಪಕ್ಕದ ಇಳಿಮಾಡಿಗೆ ಒರಗಿಸಿಟ್ಟಿದ್ದರು. ತೊಫು ಅಂಗಡಿಯ ಸುಮಿಯೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು. ಅರವತ್ತರ ಹೆಂಗಸು, ಬೀದಿಯಲ್ಲಿ ನಡೆದದ್ದೆಲ್ಲ ಸೋಯಾ ಹಾಲಿನ ತೊಫುವಿನ ಜೊತೆ ಅವಳ ಅಂಗಡಿಯಲ್ಲೇ ಹೆಪ್ಪುಗಟ್ಟುತ್ತಿತ್ತು.

“ಮನೆಯವರು ಎಲ್ಲಿ?” ಎಂದ ಮೊರಿಯೊ.

“ಫುಜಿನೊ ಅಕ್ಕ ಇಲ್ಲ. ಪಕ್ಕದ ಹೊಸ ಮನೇಲಿ ಇರೋದು ಅವರು. ಬಿಸಿನೀರಿನ ಸ್ನಾನಕ್ಕೆ ಅಂತ ಬೆಳಗ್ಗೆ ಮೊದಲನೇ ಬಸ್ಸಿಗೇ ಹೋದ್ರು,” ಎಂದಳು ಸುಮಿಯೆ. ಆಮೇಲೆ ಓತಾಕಿಯವರನ್ನು ನೋಡಿದಳು. ಓತಾಕಿ ಆಕಾಶ ನೋಡಿದರು.

ಮೊರಿಯೊ ಕೆಳಗೆ ನಿಂತೇ ಕಣ್ಣಳತೆಯಲ್ಲಿ ಲೆಕ್ಕ ಶುರುಮಾಡಿದ. ಓತಾಕಿ ಕೆಮ್ಮಿದರು.

“ಇಗರಾಶಿಯವರೇ, ಹೋದ ಸಲ ಬಂದಿದ್ರಲ್ಲ ನುಕುಯಿ, ಅವರು ಮೇಲೆ ಹೋಗಿ ತೂಕ ಹಾಕಿ ನೋಡಿದ್ರು. ನೀವು ಅವರಿಗಿಂತ ದೊಡ್ಡವರು. ಇಲ್ಲಿಂದಲೇ ಮೂಸಿ ನೋಡಿದ್ರೆ ತೂಕ ಗೊತ್ತಾಗುತ್ತೇನೋ.”

ಸುಮಿಯೆ ನಕ್ಕಳು. ಅಷ್ಟು ಹೊತ್ತಿಗೆ ಇನ್ನೂ ಮೂರ್ನಾಲ್ಕು ಜನ ಸಲಿಕೆ ಹಿಡಿದು ದಾರಿ ಬಿಡಿಸುವ ನೆಪದಲ್ಲಿ ಹತ್ತಿರ ಬಂದಿದ್ದರು. ಮೊರಿಯೊ ಭುಜ ಮುಟ್ಟಿಕೊಂಡ. ಯಾರೂ ಅದನ್ನು ಗಮನಿಸಲಿಲ್ಲ. ಅವನು ಸುಮಿಯೆಯಿಂದ ಹತ್ತು ಲೀಟರು ಹಿಡಿಯುವ ತಗಡಿನ ಡಬ್ಬಿಯನ್ನೂ ಒಂದು ಹಗ್ಗವನ್ನೂ ಕೇಳಿ ತೆಗೆದುಕೊಂಡು, ಕಣ್ಣು ಮುಚ್ಚಿ ಏಣಿ ಹತ್ತಿದ. ಹನ್ನೊಂದು ಮೆಟ್ಟಿಲು. ಒಂದೊಂದಕ್ಕೂ ಮನಸ್ಸಿನಲ್ಲಿ ಒಬ್ಬೊಬ್ಬ ದೇವರನ್ನು ನೆನೆದ; ಒಂಬತ್ತಕ್ಕೆ ದೇವರು ಮುಗಿದು, ಉಳಿದ ಎರಡಕ್ಕೆ ತೀರಿಹೋದ ಸೋದರಮಾವಂದಿರನ್ನು ನೆನೆದ. ಇಳಿಮಾಡಿನಿಂದ ದೊಡ್ಡ ಮಾಡಿಗೆ ನಾಲ್ಕು ಕಾಲಲ್ಲಿ ತೆವಳಿ ಹೋದ.

ಮೇಲೆ ಹೋದಮೇಲೆ ಕೆಲಸ ಅವನ ಕೈ ಹಿಡಿಯಿತು. ಹಿಮದಲ್ಲಿ ಗುಂಡಿ ತೋಡಿ, ತಗಡು ಸಿಗುವವರೆಗೆ ಒಂದೊಂದು ಪದರದಿಂದ ಒಂದಿಷ್ಟು ತೆಗೆದು ಡಬ್ಬಿ ತುಂಬಿದ. ಹಗ್ಗದಲ್ಲಿ ಕೆಳಗಿಳಿಸಿದ. ಸುಮಿಯೆ ಅದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು, “ಡಬ್ಬಿ ಬಿಟ್ಟು ಮೂರು ಕಿಲೋ. ಸೋಯಾ ಆಗಿದ್ರೆ ಲಾಭ ಇರ್ತಿತ್ತು,” ಎಂದು ಕೂಗಿದಳು.

ಮೊರಿಯೊ ಹಿಮದ ಮೇಲೇ ಬೆರಳಿನಲ್ಲಿ ಗುಣಿಸಿದ. “ಮೂವತ್ತೆಂಟು ಟನ್ನು.”

“ನಮಗೆ ಅರ್ಥ ಆಗೋ ಹಾಗೆ ಹೇಳಿ,” ಎಂದರು ಓತಾಕಿ.

“ನಿಮ್ಮ ಬಸ್ಸು ಒಂದೊಂದು ಸುಮಾರು ಹತ್ತು ಟನ್ನು. ಈಗ ಈ ಮನೆ ಮೇಲೆ ನಾಲ್ಕು ಬಸ್ಸು ನಿಂತಿವೆ ಅಂದ್ಕೊಳ್ಳಿ.”

“ಖಾಲಿಯೋ, ಜನ ತುಂಬಿಯೋ?”

“ಖಾಲಿ.”

“ಮನೆ ಎಷ್ಟು ಬಸ್ಸು ತಡೆಯುತ್ತೆ?”

“ಹಳೇ ಕಾಲದ ಬಡಗಿಗಳು ಕಟ್ಟಿದ್ದು. ತೊಲೆಗಳು ದಪ್ಪ ಇವೆ. ಹಳೇ ಹಿಮ ಎರಡು ಮೀಟರಾದ್ರೂ ತಡೆಯುತ್ತೆ. ಐದನೇ ಬಸ್ಸು ಹತ್ತಿದ್ರೆ ಮಾತ್ರ ಹೇಳೋಕಾಗಲ್ಲ.”

“ಐದನೇ ಬಸ್ಸು ಯಾವಾಗ ಬರುತ್ತೆ?” ಎಂದು ಯಾರೋ ಕೇಳಿದರು. ಕೇಳಿದ ದನಿಯಲ್ಲಿ ನಿಲ್ದಾಣದಲ್ಲಿ ಕಾಯುತ್ತ ನಿಂತವರ ಆಸೆಯಂಥದು ಏನೋ ಇತ್ತು. ಮೊರಿಯೊ ಆಗ ಅದನ್ನು ಯೋಚಿಸಲಿಲ್ಲ. “ಹೀಗೇ ಬಿದ್ರೆ ಇನ್ನೆರಡು ವಾರ. ಸದ್ಯಕ್ಕೆ ತೆಗೆಯೋ ಅಗತ್ಯ ಇಲ್ಲ. ನಾನು ಇಳೀತೀನಿ,” ಎಂದ.

ಇಳಿಯಲು ಅವನು ಹಿಂದಕ್ಕೆ ಒಂದು ಕಾಲು ಚಾಚಿದ. ಆ ಕಾಲಿನ ಒದೆತಕ್ಕೋ, ಬಿಸಿಲೇರಿದ್ದಕ್ಕೋ, ಇಳಿಮಾಡಿನ ಹಿಮ ಒಂದೇ ಹಾಸಿನಂತೆ ಜಾರಿತು. ಧಡ್ ಎಂದು ನೆಲ ನಡುಗಿತು. ಎಲ್ಲರೂ ಹಿಂದಕ್ಕೆ ನೆಗೆದರು. ಬಿಳಿಯ ಪುಡಿ ಅಡಗಿದಾಗ ಏಣಿ ಇರಲಿಲ್ಲ. ಅದರ ತುದಿಯ ಒಂದು ಮೆಟ್ಟಿಲು ಮಾತ್ರ, ಮುಳುಗುವವನ ಕೈಯಂತೆ, ರಾಶಿಯ ಹೊರಗಿತ್ತು.

“ಅಗೆದು ತೆಗೀತೀವಿ ಇರಿ,” ಎಂದು ಓತಾಕಿ ಮುಂದೆ ಬಂದರು.

“ಬೇಡ. ಅಲ್ಲಿ ಯಾರೂ ನಿಲ್ಲಬೇಡಿ. ಮೇಲಿನ ಹಿಮಾನೂ ಬಾಗಿದೆ, ನಿಮ್ಮ ತಲೆ ಮೇಲೇ ಬರುತ್ತೆ,” ಎಂದು ಮೊರಿಯೊ ಕೂಗಿದ. ತನ್ನನ್ನು ಬಿಡಿಸಬಂದವರನ್ನು ತಾನೇ ತಡೆದದ್ದು ಹೇಳಿದ ಮೇಲೆ ಅವನಿಗೆ ತಿಳಿಯಿತು.

“ಹಾಗಾದ್ರೆ ಅಗ್ನಿಶಾಮಕದವರನ್ನ ಕರೀಲಾ?”

ಮೊರಿಯೊನ ಕಣ್ಣಿಗೆ ಮಾರನೆಯ ದಿನದ ಪತ್ರಿಕೆ ಕಟ್ಟಿತು. ‘ಛಾವಣಿ ಹತ್ತಬೇಡಿ ಎನ್ನುವ ಅಧಿಕಾರಿಯನ್ನು ಛಾವಣಿಯಿಂದ ಇಳಿಸಿದರು.’ ಜೊತೆಗೊಂದು ಫೋಟೋ. “ಬೇಡ,” ಎಂದ.

“ಮತ್ತೆ?”

ಅವನು ಯೋಚಿಸಿದ. ಹಿಮದೂರಿನಲ್ಲಿ ಛಾವಣಿಯಿಂದ ಇಳಿಯಲು ಇನ್ನೊಂದು ದಾರಿಯಿದೆ. ಮೇಲಿನದನ್ನು ಒಂದೇ ಕಡೆ ಕೆಳಗೆ ತಳ್ಳುತ್ತ ಹೋದರೆ ರಾಶಿ ಸೂರಂಚಿನವರೆಗೆ ಬೆಳೆಯುತ್ತದೆ. ಅದರ ಮೇಲೆ ಕೂತು ಜಾರಿ ಬರಬಹುದು. “ಒಂದು ಸಲಿಕೆ ಕೊಡಿ,” ಎಂದ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಮಾಡಿನ ನೆತ್ತಿಯ ಮೇಲಿಂದ ಆಚೆಗೆ ಎಸೆದ. ಓತಾಕಿ ಸುತ್ತು ಬಳಸಿ ಹೋಗಿ ಅದನ್ನು ಹಿತ್ತಿಲ ದೇವದಾರು ಮರಕ್ಕೆ ಬಿಗಿದರು. ಸಲಿಕೆ ಹಾರಿ ಬಂತು. ಹೀಗೆ ಐವತ್ತೆರಡನೇ ವಯಸ್ಸಿನಲ್ಲಿ ಇಗರಾಶಿ ಮೊರಿಯೊ ಜೀವನದ ಮೊದಲ ಸಲ ಛಾವಣಿಯ ಹಿಮ ತೆಗೆಯಲು ನಿಂತ.

ಮೊದಲ ಹತ್ತು ನಿಮಿಷ ಅವನು ಮಂಡಿಯೂರಿಕೊಂಡೇ ತೆಗೆದ. ಆಮೇಲೆ ಬೆನ್ನು ನೋಯಿತು, ಎದ್ದು ನಿಂತ. ನಿಂತಮೇಲೆ ಕೇರಿಯೆಲ್ಲ ಕಾಣಿಸಿತು. ಸಾಲು ಛಾವಣಿಗಳು, ಅಂಗಡಿಯ ಹೊಗೆ, ಆಚೆ ನದಿ, ನದಿಯಾಚೆ ತನ್ನ ಕಾಂಕ್ರೀಟು ವಸತಿ. ಈ ಎಲ್ಲ ಛಾವಣಿಗಳ ಅಳತೆಯೂ ಅವನಿಗೆ ಬಾಯಿಪಾಠ ಗೊತ್ತಿತ್ತು. ಮೇಲಿಂದ ಹೇಗಿರುತ್ತವೆಂದು ಗೊತ್ತಿರಲಿಲ್ಲ. ಒಂದೊಂದರ ಮೇಲೂ ಯಾರೋ ನಡೆದ ಹೆಜ್ಜೆ, ಯಾರೋ ಕಡಿದ ಗೀರು. ಫೋನಿನಲ್ಲಿ “ಎಷ್ಟು ಹೊತ್ಕೊಳ್ಳುತ್ತೆ?” ಎಂದು ಕೇಳಿದವರೆಲ್ಲ ಲೆಕ್ಕ ಬರೆದುಕೊಂಡ ಮೇಲೆ ಇಲ್ಲಿಗೇ ಬಂದು ನಿಂತಿದ್ದರು. ಅವನೊಬ್ಬ ಮಾತ್ರ ಫೋನು ಕೆಳಗಿಟ್ಟು ಚಹಾ ಕುಡಿದಿದ್ದ. ಕಾಲು ನಡುಗುತ್ತಲೇ ಇತ್ತು. ಆದರೆ ನಡುಗುವ ಕಾಲ ಮೇಲೂ ಮನುಷ್ಯ ನಿಲ್ಲಬಹುದು ಎಂಬುದು ಅವನಿಗೆ ಹೊಸ ವಿಷಯ.

ಕೆಳಗೆ ಸುಮಿಯೆ ಫೋನು ಹಚ್ಚಿದ್ದಳು. “ಕಿನುಯೊ, ನಿಮ್ಮ ಯಜಮಾನ್ರು ಕುವಬಾರಾರ ಛಾವಣಿ ಮೇಲಿದ್ದಾರೆ.”

ಕಿನುಯೊ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಆ ಕಡೆ ಪಾತ್ರೆಗಳ ಸದ್ದಿನ ನಡುವೆ ಅವಳೆಂದಳು, “ಇನ್ಯಾರೋ ಇರಬೇಕು ಬಿಡಿ. ನಮ್ಮನೆಯವರು ಬಲ್ಬು ಹಾಕೋಕೆ ಸ್ಟೂಲು ಹತ್ತೋರಲ್ಲ. ನಾನೇ ಹತ್ತೋದು, ಅವರು ಕೆಳಗೆ ನಿಂತು ಸ್ಟೂಲು ಎಷ್ಟು ಕಿಲೋ ತಡೆಯುತ್ತೆ ಅಂತ ಹೇಳ್ತಾರೆ.”

ಹನ್ನೊಂದರ ಹೊತ್ತಿಗೆ ರಾಶಿ ಸೂರಂಚು ಮುಟ್ಟಿತು. ಮೊರಿಯೊ ಸಲಿಕೆ ಬಿಸುಟು ಜಾರಲು ಕೂತ. ಕೂತವನು ಹಿಂದಿರುಗಿ ನೋಡಿ ಹಾಗೇ ಉಳಿದ. ದಕ್ಷಿಣದ ಮಾಡು ಅರ್ಧಕ್ಕಿಂತ ಹೆಚ್ಚು ಬರಿದಾಗಿತ್ತು. ಉತ್ತರದ ಮಾಡಿನ ಮೇಲೆ ಎರಡು ಬಸ್ಸೂ ಹಾಗೇ ನಿಂತಿದ್ದವು.

ಇದು ಅವನೇ ಊರಿಗೆಲ್ಲ ಹಂಚಿದ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿದ್ದ ಮಾತು. ಒಂದೇ ಮಗ್ಗುಲಿನ ಹಿಮ ತೆಗೆದು ಇನ್ನೊಂದನ್ನು ಬಿಡಬೇಡಿ. ಭಾರ ಒಂದು ಕಡೆಯಾದರೆ ಮನೆ ತಿರುಚಿಕೊಳ್ಳುತ್ತದೆ. ಎರಡು ಮೀಟರು ಹೊರಬಲ್ಲ ಮನೆಯೂ ಹಾಗೆ ಓರೆಯಾದ ಒಂದು ಮೀಟರಿಗೆ ಬೀಳಬಹುದು. ಬೆಳಿಗ್ಗೆ ಗಟ್ಟಿಯಾಗಿದ್ದ ಮನೆಯನ್ನು ಈಗ ಅವನೇ ಅಪಾಯಕ್ಕೆ ತಂದಿಟ್ಟಿದ್ದ.

“ಯಾಕೆ, ಜಾರಿ ಬನ್ನಿ,” ಎಂದರು ಓತಾಕಿ.

“ಆ ಕಡೇದೂ ತೆಗೀಬೇಕು.”

“ಆ ಕಡೇದು ಹಾಗೇ ಇರಲಿ ಬಿಡಿ.”

“ಬಿಟ್ರೆ ಮನೆ ವಾಲುತ್ತೆ. ಬಿದ್ದೂ ಬೀಳಬಹುದು.”

ಓತಾಕಿ ಸುಮಿಯೆಯ ಕಡೆ ನೋಡಿದರು. ಸುಮಿಯೆ ಅಂಗಡಿಯ ಕಡೆ ನೋಡಿದಳು. “ಅದೂ ನಿಜವೇ,” ಎಂದು ಓತಾಕಿ ಮೆಲ್ಲಗೆ ಹೇಳಿದರು. ಮುಂದೆ ಏನೋ ಹೇಳಲು ಬಾಯಿ ತೆರೆದು, ಪುರಸಭೆಯ ಹೆಸರಿದ್ದ ಮೊರಿಯೊನ ಜಾಕೆಟ್ಟು ಕಂಡು ಮುಚ್ಚಿಕೊಂಡರು.

ಮೊರಿಯೊ ಮತ್ತೆ ಮೇಲೆ ಹೋದ. ಜೊತೆಗೆ ಬರಲು ಯಾರಿಗೂ ಇಷ್ಟವಿದ್ದಂತೆ ಕಾಣಲಿಲ್ಲ. ಆದರೆ ಕಚೇರಿಯ ಮನುಷ್ಯ ಒಬ್ಬನೇ ಬೆವರು ಸುರಿಸುತ್ತಿರುವಾಗ ಕೆಳಗೆ ಕೈಕಟ್ಟಿ ನಿಲ್ಲುವುದು ಆ ಕೇರಿಯಲ್ಲಿ ಯಾರಿಂದಲೂ ಆಗದ ಕೆಲಸ. ಕಾಲು ಗಂಟೆ ತಡೆದರು. ಆಮೇಲೆ ಓತಾಕಿ, ಎಪ್ಪತ್ತು ವರ್ಷದವರು, ಗೊಣಗುತ್ತಲೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅವನು ಮಾಡಿದ ರಾಶಿಯ ಮೇಲಿಂದ ಹತ್ತಿ ಬಂದರು. ಅವರ ಹಿಂದೆ ಮತ್ತಿಬ್ಬರು. ಸುಮಿಯೆ ಕೆಳಗಿನಿಂದ ಹಿಮ ಸರಿಸಿದಳು.

“ನೀವು ಕಚೇರಿಯವರು ಲೆಕ್ಕ ಮಾತ್ರ ಮಾಡ್ತೀರಿ ಅಂದ್ಕೊಂಡಿದ್ದೆ,” ಎಂದರು ಓತಾಕಿ ಉಸಿರು ಬಿಡುತ್ತ.

“ನಾನೂ ಹಾಗೇ ಅಂದ್ಕೊಂಡಿದ್ದೆ.”

“ಸಲಿಕೆ ಹೀಗಲ್ಲ ಹಿಡಿಯೋದು. ಅದೇನು ಸೂಪಿನ ಚಮಚವೇ. ಮೊದಲು ನಾಲ್ಕೂ ಕಡೆ ಕತ್ತರಿಸಿ, ಆಮೇಲೆ ಕೆಳಗೆ ತೂರಿಸಿ. ಸುಮಿಯೆ ತೊಫು ಕತ್ತರಿಸೋ ಹಾಗೆ.”

ಮೊರಿಯೊ ತೊಫುವಿನಂತೆ ಕತ್ತರಿಸಿದ. ತುಂಡು ಚೌಕವಾಗಿ ಎದ್ದು ಬಂತು. ಅವನಿಗೆ ತಡೆಯಲಾರದಷ್ಟು ಸಂತೋಷವಾಯಿತು.

ಮಧ್ಯಾಹ್ನ ಶಾಲೆಯ ಊಟ ಮುಗಿಸಿ ಕಿನುಯೊ ಬಂದಳು. ಕೈಯಲ್ಲಿ ಅನ್ನದ ಉಂಡೆಗಳು, ಒಣ ಕೈಗವಸು. ರಸ್ತೆಯಲ್ಲಿ ನಿಂತು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ನೆತ್ತಿಯ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಿದ್ದ ಗಂಡನ ಟೋಪಿ ಓರೆಯಾಗಿತ್ತು, ಮೂಗು ಕೆಂಪಾಗಿತ್ತು.

“ರೀ,” ಎಂದಳು.

“ಏನು?”

“ಏನಿಲ್ಲ. ನೀವೇನಾ ಅಂತ.”

ಅವಳ ದನಿ ಬೇರೆಯಾಗಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಉಂಡೆ ಮೆಲ್ಲುತ್ತ ಅವನು, ಇವಳಿಗೆ ಇಷ್ಟು ವರ್ಷ ತೋರಿಸಿದ ಲೆಕ್ಕಗಳಲ್ಲಿ ಎಷ್ಟು ನಿಜ, ಎಷ್ಟು ಭಯ ಎಂದು ಯೋಚಿಸಿದ. ಉತ್ತರ ಅಂಕಿಯಲ್ಲಿ ಬರಲಿಲ್ಲ.

ಮೂರು ಗಂಟೆಗೆ ಇಡೀ ಛಾವಣಿ ಬರಿದಾಯಿತು. ಕೆಂಪು ತಗಡು ಎಷ್ಟೋ ವಾರದ ಮೇಲೆ ಬಿಸಿಲು ಕಂಡಿತು. ಮೊರಿಯೊ ರಾಶಿಯ ಮೇಲೆ ಕೂತು ಜಾರಿ ಕೆಳಗೆ ಬಂದ. ಎದೆ ಮೂರು ಇಂಚು ಮುಂದೆ ಬಂದಿತ್ತು. ಸುಮಿಯೆ ಎಲ್ಲರಿಗೂ ಬಿಸಿ ಸೋಯಾ ಹಾಲು ಕೊಟ್ಟಳು. ಯಾಕೋ ಯಾರೂ ಹೆಚ್ಚು ಮಾತಾಡಲಿಲ್ಲ. ದಣಿವಿರಬೇಕೆಂದು ಮೊರಿಯೊ ಅಂದುಕೊಂಡ.

ಮೂರೂವರೆಯ ಬಸ್ಸಿನಿಂದ ಕುವಬಾರಾ ಫುಜಿನೊ ಇಳಿದರು. ಅರವತ್ತೆಂಟರ ಗಟ್ಟಿ ಹೆಂಗಸು. ಸ್ನಾನದ ಬಿಸಿಗೆ ಕೆನ್ನೆಗಳು ಇನ್ನೂ ಕೆಂಪಗಿದ್ದವು. ಕಂಕುಳಲ್ಲಿ ಟವೆಲ್ಲಿನ ಗಂಟು. ತಿರುವಿನಲ್ಲಿ ಬಂದವರು ಮನೆ ನೋಡಿದರು. ನಿಂತರು. ಗಂಟು ಜಾರಿ ಕೆಳಗೆ ಬಿತ್ತು.

ಮೊರಿಯೊ ಮುಂದೆ ಹೋಗಿ ಬಾಗಿ ನಮಸ್ಕರಿಸಿದ. “ಕಟ್ಟಡ ವಿಭಾಗದ ಇಗರಾಶಿ. ತೊಲೆ ಸದ್ದು ಮಾಡ್ತಿತ್ತಂತೆ. ಈಗ ಏನೂ ಭಯ ಇಲ್ಲ. ಮೂವತ್ತೆಂಟು ಟನ್ನು ತೆಗೆದಿದ್ದೀವಿ.”

“ಪೂರ್ತಿ?” ಎಂದರು ಫುಜಿನೊ.

“ಪೂರ್ತಿ.”

ಫುಜಿನೊ ಅಲ್ಲೇ ಹಿಮದ ಗುಡ್ಡೆಯ ಮೇಲೆ ಕೂತುಬಿಟ್ಟರು. ಕೇರಿಯವರೆಲ್ಲ ತಂತಮ್ಮ ಲೋಟದ ತಳ ನೋಡತೊಡಗಿದರು.

“ಓತಾಕಿಯವರೇ,” ಎಂದರು ಅವರು, “ಇವರಿಗೆ ನೀವು ಹೇಳಲಿಲ್ವಾ?”

“ಹೇಗೆ ಹೇಳೋದು ಹೇಳಿ. ಪುರಸಭೆಯವರು. ಅಪಾಯ ಅಂತ ಬರೆದು ಬೋರ್ಡು ಹಾಕಿ ಹೋಗ್ತಾರೆ ಅಂದ್ಕೊಂಡು ಕರೆದೆ. ಇವರು ತೂಕ ನೋಡೋದು ಬಿಟ್ಟು ಹಿಮಾನೇ ತೆಗೆದುಬಿಟ್ರು.”

“ಏನನ್ನ ಹೇಳೋದು?” ಎಂದ ಮೊರಿಯೊ.

ಫುಜಿನೊ ಮನೆಯ ಕಡೆ ನೋಡುತ್ತಲೇ ಹೇಳಿದರು. “ಬಿದ್ದುಹೋಗಲಿ ಅಂತ ಬಿಟ್ಟಿದ್ದೆ ಇಗರಾಶಿಯವರೇ. ನಾಲ್ಕು ವರ್ಷದಿಂದ. ನನ್ನ ಗಂಡ ಹುಟ್ಟಿದ ಮನೆ. ಅವರ ಅಪ್ಪ, ಅಜ್ಜ ಎಲ್ಲ ಇಲ್ಲೇ ಹೋದ್ರು. ಇದನ್ನ ನೋಡ್ಕೊಳ್ಳೋಕೆ ನನ್ನಿಂದ ಆಗಲ್ಲ. ಕೆಡವೋರನ್ನ ಕರೆದು ಕೆಡವಿ ಅಂತ ನನ್ನ ಬಾಯಿಂದ ಹೇಳೋಕೂ ಆಗಲ್ಲ. ಎರಡು ಸಲ ಫೋನು ಹಿಡಿದು ಇಟ್ಟೆ. ಹಿಮವೇ ಕೆಡವಿದ್ರೆ ಯಾರೂ ಕೆಡವಿದ ಹಾಗಾಗಲ್ಲ ನೋಡಿ. ಮೂರು ವರ್ಷ ಹಿಮವೇ ಸರಿಯಾಗಿ ಬೀಳಲಿಲ್ಲ. ಈ ವರ್ಷ ಬಿತ್ತು. ಹಿಮ ಜೋರಾದ ದಿನ ಬೀಳೋ ಸದ್ದು ಕೇಳಬಾರದು ಅಂತ ನಾನು ಸ್ನಾನಕ್ಕೆ ಹೋಗಿಬಿಡ್ತೀನಿ. ಇವತ್ತು ಬಸ್ಸಲ್ಲಿ ಬರ್ತಾ, ಇರಲ್ಲ ಮನೆ, ಮುಗಿದಿರುತ್ತೆ, ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಬಂದೆ.”

ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊರಿಯೊನ ಎದೆ ಮುಂದೆ ಬಂದಿದ್ದ ಮೂರು ಇಂಚನ್ನೂ ಹಿಂದಕ್ಕೆ ತೆಗೆದುಕೊಂಡಿತು. ತಾನು ಲೆಕ್ಕದ ಹಿಂದೆ ಅಡಗಿದ ಹಾಗೆ ಈ ಹೆಂಗಸು ಹಿಮದ ಹಿಂದೆ ಅಡಗಿದ್ದರು ಎಂದು ಅವನಿಗೆ ತಿಳಿಯಿತು. ಅಂಥವರನ್ನು ಹೊರಗೆಳೆದು ನಿಲ್ಲಿಸುವುದು ಎಷ್ಟು ದೊಡ್ಡ ತಪ್ಪೆಂಬುದೂ ತಿಳಿಯಿತು.

“ತಪ್ಪಾಯ್ತು,” ಎಂದು ಸೊಂಟದವರೆಗೆ ಬಾಗಿದ.

“ನಿಮ್ಮದೇನು ತಪ್ಪು. ತೆಗೆದಿದ್ದನ್ನ ಮತ್ತೆ ಹತ್ತಿಸಿ ಅಂತ ಹೇಳೋಕಾಗುತ್ತಾ?” ಫುಜಿನೊ ಎದ್ದು ಬಟ್ಟೆ ಕೊಡವಿಕೊಂಡರು. ಸೀದಾ ಹೋಗಿ ಕೀಲಿ ತಿರುಗಿಸಿ, ಮುಂಬಾಗಿಲ ಮೇಲೆ ಕೈಯಿಟ್ಟರು. ಛಾವಣಿ ತುಂಬಿದ ಚಳಿಗಾಲದಲ್ಲಿ ಆ ಸರಿಯುವ ಬಾಗಿಲನ್ನು ಇಬ್ಬರು ಗಂಡಸರು ಎಳೆದರೂ ಜಗ್ಗುತ್ತಿರಲಿಲ್ಲ. ಈಗ ಬೆರಳಿಗೇ ಸರಿಯಿತು. ಫುಜಿನೊ ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ ಒಳಗೆ ಹೋದರು. ಕಿನುಯೊ ಅವರ ಬಿದ್ದ ಗಂಟನ್ನು ಎತ್ತಿಕೊಂಡು ಹಿಂದೆಯೇ ಹೋದಳು.

ಅರ್ಧ ಗಂಟೆ ಇಬ್ಬರೂ ಹೊರಗೆ ಬರಲಿಲ್ಲ. ಒಳಗೆ ಕಿಟಕಿ ತೆರೆದ ಸದ್ದು, ಕಪಾಟು ಎಳೆದ ಸದ್ದು, ಒಮ್ಮೆ ಅಳು, ಒಮ್ಮೆ ನಗು. ಮೊರಿಯೊ ಹೊರಗೆ ನಿಂತು ವರದಿಯ ಮೊದಲ ವಾಕ್ಯ ಯೋಚಿಸಿದ. ಯಾವ ವಾಕ್ಯವೂ ಅವನಿಗೆ ಅನುಕೂಲವಾಗಿರಲಿಲ್ಲ.

ಹೊರಗೆ ಬಂದಾಗ ಫುಜಿನೊರ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರವಾಗಿತ್ತು. “ಇಗರಾಶಿಯವರೇ, ತೊಲೆ ಇನ್ನೂ ಎಷ್ಟು ವರ್ಷ ಬರುತ್ತೆ?”

ಇದು ಅವನ ಕಸುಬಿನ ಪ್ರಶ್ನೆ. ಅವನಿಗೆ ಜೀವ ಬಂತು. “ಐವತ್ತು ವರ್ಷ ಎಲ್ಲೂ ಹೋಗಲ್ಲ. ಇಂಥ ಮರ ಈಗ ಸಿಗಲ್ಲ. ವರ್ಷಕ್ಕೆ ನಾಲ್ಕೈದು ಸಲ ಹಿಮ ತೆಗೆಯೋರು ಒಬ್ಬರಿದ್ರೆ ಸಾಕು.”

“ಬರೆದು ಕೊಡ್ತೀರಾ?”

“ಸಹಿ ಹಾಕಿ ಕೊಡ್ತೀನಿ.”

“ಹಾಗಾದ್ರೆ ಸರಿ,” ಎಂದರು ಫುಜಿನೊ. “ಕೆಡವೋಕೆ ನನಗೆ ಬಾಯಿಲ್ಲ, ಇಟ್ಕೊಳ್ಳೋಕೆ ಕೈಲಾಗಲ್ಲ. ಕೊಡೋಕೆ ಮನಸ್ಸಿದೆ. ನಿಮ್ಮ ಹೆಂಡತಿಗೆ ಕೊಟ್ಟುಬಿಟ್ಟೆ. ಬೆಲೆ ಗಿಲೆ ಏನೂ ಬೇಡ. ದೇವರ ಮೂಲೇಲಿ ದಿನಾ ಒಂದು ಲೋಟ ನೀರಿಟ್ರೆ ಸಾಕು.”

ಮೊರಿಯೊ ಹೆಂಡತಿಯ ಕಡೆ ತಿರುಗಿದ. ಕಿನುಯೊಳ ತಲೆಗೆ ಜೇಡರ ಬಲೆ ಅಂಟಿತ್ತು. ಅವಳು ನಗುತ್ತಿದ್ದಳು.

“ಕಿನು, ಸ್ವಲ್ಪ ಇರು. ಇದನ್ನ ಕೂತು ಲೆಕ್ಕ ಹಾಕಿ...”

“ಹಾಕಿ ಆಯ್ತಲ್ರೀ, ಎಲ್ಲರ ಎದುರಿಗೇ. ಐವತ್ತು ವರ್ಷ ಅಂದ್ರಿ. ತೆಗೆಯೋರು ಒಬ್ಬರಿದ್ರೆ ಸಾಕು ಅಂದ್ರಿ.” ಅವಳು ದನಿ ತಗ್ಗಿಸಿದಳು. “ನಿಮಗೆ ಭಯ ಅಂತ ನನಗೆ ಮದುವೆಯಾದ ವರ್ಷಾನೇ ಗೊತ್ತಾಗಿತ್ತು. ಅದಕ್ಕೇ ನಾನು ಒತ್ತಾಯ ಮಾಡಿರಲಿಲ್ಲ. ಇವತ್ತು ನೋಡಿದ ಮೇಲೆ, ಇನ್ನು ಕೇಳಬಹುದು ಅನ್ನಿಸ್ತು.”

ಮೊರಿಯೊ ಬಾಯಿ ತೆರೆದ. ಹೇಳಲು ಎಷ್ಟೋ ಇತ್ತು. ಭುಜದ ವಿಷಯವಿತ್ತು, ಇಂದು ಏಣಿ ಬಿದ್ದದ್ದರಿಂದ ಹೀಗಾಯಿತು ಎಂಬ ನಿಜವಿತ್ತು. ಆದರೆ ಅವಳು ಮಧ್ಯಾಹ್ನದಿಂದ ಅವನನ್ನು ನೋಡುತ್ತಿದ್ದ ಆ ಹೊಸ ನೋಟ ಇನ್ನೂ ಹಾಗೇ ಇತ್ತು. ಅದನ್ನು ಕೆಡವಲು ಅವನಿಗೂ ಬಾಯಿ ಬರಲಿಲ್ಲ.

“ಮನೆ ಬದಲಾಯಿಸಿದವರು ಅಕ್ಕಪಕ್ಕಕ್ಕೆ ಸೋಬಾ ಶಾವಿಗೆ ಕಳಿಸೋದು ಈ ಕೇರಿ ಪದ್ಧತಿ,” ಎಂದರು ಓತಾಕಿ ಗಂಟಲು ಸರಿಮಾಡಿಕೊಂಡು. ಎಷ್ಟೋ ಹೊತ್ತಿನ ಮೇಲೆ ಅವರ ದನಿ ಕೊನೆಯ ಸೀಟಿನವರೆಗೆ ಹೋಯಿತು. “ಒಟ್ಟು ಹತ್ತೊಂಬತ್ತು ಮನೆ. ನಮ್ಮನೇಲಿ ಐದು ಜನ.”

“ನನಗೆ ಈರುಳ್ಳಿ ಬೇಡ,” ಎಂದಳು ಸುಮಿಯೆ.

ಕಿನುಯೊ ಬೆರಳು ಮಡಿಸಿ ಎಣಿಸತೊಡಗಿದಳು. ಉತ್ತರದ ಬೆಟ್ಟ ಆಗಲೇ ಕಾಣುತ್ತಿರಲಿಲ್ಲ. ನದಿಯಾಚೆಯಿಂದ ಸದ್ದಿಲ್ಲದೆ ಹಿಮ ಬರತೊಡಗಿತು. ಮೊರಿಯೊ ಅಂಗೈ ಚಾಚಿ ನಾಲ್ಕು ಎಸಳು ಹಿಡಿದ. ಹೊಸದು, ಒಣ, ಹಗುರ. ಒಂದು ಘನ ಮೀಟರಿಗೆ ಎಪ್ಪತ್ತು ಕಿಲೋ ದಾಟದು. ಬೆಳಗಾಗುವುದರೊಳಗೆ ನಲವತ್ತು ಸೆಂಟಿಮೀಟರು ಬೀಳಬಹುದು. ಅವನು ತಲೆಯೆತ್ತಿ ತನ್ನ ಛಾವಣಿಯನ್ನು ನೋಡಿದ.